ಬಲಗಡೆ ಸೀಟಿನ ಪಾಲು

ಪೂಜ್ಯರೇ ಎಂದು ಬರೆದರೆ ನೀವು ನಗುತ್ತೀರಿ, ಪ್ರಿಯ ಎಂದರೆ ನನಗೇ ಮುಜುಗರ. ದಿನಾ ಕರೆಯುವ ಹಾಗೆಯೇ ಕರೆಯುತ್ತೇನೆ.

ಸರ್,

ಫೋನಿನಲ್ಲಿ ನೀವು ನನ್ನನ್ನು ಮಾತಾಡಲು ಬಿಡುವುದಿಲ್ಲ. ಬೆಳಿಗ್ಗೆ ಮಾಡಿದ್ದೆನಲ್ಲ, ನಾನು ಬಾಯಿ ತೆರೆಯುವ ಮೊದಲೇ, "ತಿಂಡಿ ತಿಂದ್ಯಾ ಮರಿ? ಚೆನ್ನಾಗಿ ನಿದ್ದೆ ಮಾಡು. ನಾಳೆ ವಿಚಾರಣೇಲಿ ಕೇಳಿದ್ದಕ್ಕೆ ಹೌದು ಇಲ್ಲ ಅಂದ್ರೆ ಸಾಕು, ಉಳಿದಿದ್ದು ನಾನು ನೋಡ್ಕೋತೀನಿ" ಎಂದು ಇಟ್ಟೇಬಿಟ್ಟಿರಿ. ಅದಕ್ಕೇ ಈ ಕಾಗದ. ಸಂಜೆಯೊಳಗೆ ನಿಮ್ಮ ಗೇಟಿನ ಡಬ್ಬಿಗೆ ಹಾಕಿ, ಬೆಲ್ ಮಾಡದೆ ಬಂದುಬಿಡುತ್ತೇನೆ. ಬೆಲ್ ಮಾಡಿದರೆ ನೀವು ಚಹಾ ಮಾಡಲು ಏಳುತ್ತೀರಿ.

ನನಗೆ ಸುಸ್ತಾಗಿದೆ ಸರ್. ಆ ದಿನದಿಂದ ನಮ್ಮಿಬ್ಬರನ್ನೂ ಹಾರಾಟದಿಂದ ದೂರ ಇಟ್ಟಿದ್ದಾರೆ, ಮನೆಯಲ್ಲಿ ಮಾಡಲು ಕೆಲಸವಿಲ್ಲ, ಆದರೂ ಮೈಮೇಲೆ ಯಾರೋ ಒದ್ದೆ ಕಂಬಳಿ ಹೊದಿಸಿದಂತೆ ಇರುತ್ತದೆ. ಇಸ್ತ್ರಿ ಮಾಡಿಟ್ಟ ಯೂನಿಫಾರಂ ಬಾಗಿಲ ಹಿಂದೆ ನೇತಾಡುತ್ತಿದೆ. ಅಮ್ಮ ಬಂದು ಹೋಗುವಾಗೆಲ್ಲ ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡುತ್ತಾಳೆ. "ಏನೇ ಆಗಿದ್ದು? ವಿಮಾನ ಇಳಿದಿದೆ, ಎಲ್ಲರೂ ಸುಖವಾಗಿ ಮನೆಗೆ ಹೋಗಿದಾರೆ, ಮತ್ತೆ ವಿಚಾರಣೆ ಯಾಕೆ?" ಅಂತ ಕೇಳುತ್ತಾಳೆ.  ಕೆಲಸ ಹೆಚ್ಚಾಯಿತು ಅಂದರೆ ಅವಳಿಗೆ ಅರ್ಥವಾಗುತ್ತದೆ. ಕೆಲಸ ಹಂಚಿಕೊಳ್ಳಲಿಲ್ಲ ಅಂದರೆ, "ಅದು ನಮ್ಮನೇಲೂ ಇದ್ದಿದ್ದೇ ಬಿಡು" ಎಂದು ಒಳಗೆ ಹೋಗುತ್ತಾಳೆ.

ಹಂಚಿಕೊಳ್ಳುವುದನ್ನು ನನಗೆ ಕಲಿಸಿದವರು ನೀವೇ. ತರಬೇತಿಯ ಕೋಣೆಯಲ್ಲಿ ಎರಡು ಕುರ್ಚಿ ಪಕ್ಕಪಕ್ಕ ಹಾಕಿಸಿ, ನಮ್ಮನ್ನು ಜೋಡಿಜೋಡಿಯಾಗಿ ಕೂರಿಸುತ್ತಿದ್ದಿರಿ. ಒಬ್ಬರು ವಿಮಾನ ನಡೆಸಬೇಕು, ಅಷ್ಟೇ. ರೇಡಿಯೋದಲ್ಲಿ ಮಾತಾಡುವುದು, ತಪಾಸಣೆಯ ಪಟ್ಟಿ ಓದುವುದು, ಕ್ಯಾಬಿನ್ನಿನವರಿಗೆ ಉತ್ತರ ಕೊಡುವುದು, ನಡೆಸುವವರ ಮೇಲೆ ಒಂದು ಕಣ್ಣಿಡುವುದು, ಇದೆಲ್ಲ ಇನ್ನೊಬ್ಬರದ್ದು. ಯಾರಾದರೂ ಎರಡನ್ನೂ ಮಾಡಲು ಹೋದರೆ ಡಸ್ಟರಿನಿಂದ ಮೇಜು ಕುಟ್ಟಿ, "ಪಕ್ಕದಲ್ಲಿ ಕೂತಿರೋರೇನು ನಿಮ್ಮ ನೆಂಟರಾ?" ಎಂದು ಗದರುತ್ತಿದ್ದಿರಿ. ನಾವು ನಕ್ಕು ನಕ್ಕು ಕಲಿತೆವು.

ಆಮೇಲೆ ನಿಜವಾದ ವಿಮಾನದಲ್ಲಿ ನಿಮ್ಮ ಪಕ್ಕದಲ್ಲಿ ಕೂತೆ ನೋಡಿ, ಆಗ ಗೊತ್ತಾಯಿತು ನಿಮ್ಮನ್ನು ಎಲ್ಲರೂ 'ಎಂಟು ಕೈ ಸರ್' ಅಂತ ಯಾಕೆ ಕರೆಯುತ್ತಾರೆ ಎಂದು. ನಾನು ಮೈಕ್ ಒತ್ತುವ ಮೊದಲೇ ರೇಡಿಯೋದಲ್ಲಿ ನಿಮ್ಮ ದನಿ ಇರುತ್ತಿತ್ತು. ಪಟ್ಟಿ ಓದಲು ಬಾಯಿ ತೆರೆದರೆ ನೀವಾಗಲೇ ಮುಗಿಸಿರುತ್ತಿದ್ದಿರಿ. ಇಳಿದ ಮೇಲೆ ವಿಮಾನವನ್ನು ಸುತ್ತಿ ಚಕ್ರ, ರೆಕ್ಕೆ ನೋಡಿಬರುವುದು ನನ್ನ ಕೆಲಸ. ಬಿಸಿಲು ಜಾಸ್ತಿ ಇದ್ದರೆ, "ನೀನು ಕೂತಿರು ಮರಿ" ಎಂದು ಅದಕ್ಕೂ ನೀವೇ ಇಳಿಯುತ್ತಿದ್ದಿರಿ. ನಿಮ್ಮ ಜೊತೆ ಡ್ಯೂಟಿ ಬಿದ್ದರೆ ಜೂನಿಯರುಗಳೆಲ್ಲ, "ಇವತ್ತು ರಜೆ" ಎಂದು ಕಣ್ಣು ಹೊಡೆಯುತ್ತಿದ್ದರು. ನಾನೂ ಹೊಡೆದಿದ್ದೇನೆ. ಬೆಳಗಿನ ಜಾವ ಎದ್ದು ಬಂದ ದಿನಗಳಲ್ಲಿ ಡ್ಯೂಟಿ ಪಟ್ಟಿಯಲ್ಲಿ ನಿಮ್ಮ ಹೆಸರು ನೋಡಿ ಹಾಯೆನಿಸಿದ್ದು ಸುಳ್ಳಲ್ಲ.

ಈಗ ಆ ಮಧ್ಯಾಹ್ನದ ಮಾತು. ನಿಮಗೆ ಗೊತ್ತಿರುವುದನ್ನೇ ನಿಮಗೆ ಹೇಳುತ್ತಿದ್ದೇನೆ, ಆದರೆ ನನ್ನ ಕಡೆಯಿಂದ ಹೇಗೆ ಕಂಡಿತು ಅಂತ ನೀವು ಕೇಳಲೇ ಇಲ್ಲ. ಮೋಡದೊಳಗೆ ಇಳಿಯುತ್ತಿದ್ದೆವು. ವಿಮಾನ ನಿಮ್ಮ ಕೈಯಲ್ಲಿತ್ತು. ಕೊನೇ ಗಳಿಗೆಯಲ್ಲಿ ಕೆಳಗಿನವರು ಬೇರೆ ರನ್‌ವೇಗೆ ಬನ್ನಿ ಅಂದರು. ಉತ್ತರ ಕೊಟ್ಟದ್ದು ನೀವು. ಹೊಸ ದಾರಿಯನ್ನು ಯಂತ್ರಕ್ಕೆ ಹಾಕತೊಡಗಿದ್ದೂ ನೀವೇ. ಅಷ್ಟರಲ್ಲಿ ಪ್ರಯಾಣಿಕರೊಬ್ಬರು ಪ್ರಜ್ಞೆ ತಪ್ಪಿದರೆಂದು ಕ್ಯಾಬಿನ್ನಿನಿಂದ ಕರೆ ಬಂತು. ನಾನು ಕೈ ಚಾಚಿದೆ. "ಇರಲಿ ಬಿಡು" ಅಂದು ಅದನ್ನೂ ನೀವೇ ಎತ್ತಿಕೊಂಡು, ಕಾಲು ಮೇಲೆತ್ತಿ ಮಲಗಿಸಿ, ಡಾಕ್ಟರ್ ಯಾರಾದ್ರೂ ಇದ್ದಾರಾ ಕೇಳಿ ಎಂದು ಸಮಾಧಾನವಾಗಿ ಹೇಳುತ್ತಿದ್ದಿರಿ. ನಾವು ನಿಲ್ಲಬೇಕಾಗಿದ್ದ ಎತ್ತರವನ್ನು ದಾಟಿ ವಿಮಾನ ಕೆಳಗಿಳಿಯುತ್ತಲೇ ಇತ್ತು.

"ಸರ್, ಎತ್ತರ" ಅಂದೆ. ಕೇಳಿಸಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಕೂಗಿದೆ. ನೀವು ನನ್ನ ಕಡೆ ಅಂಗೈ ಎತ್ತಿ, ತಾಳು ಅನ್ನುವಂತೆ ಸನ್ನೆ ಮಾಡಿದಿರಿ. ಎರಡು ಸಲ ಕರೆದರೂ ಓಗೊಡದಿದ್ದರೆ ವಿಮಾನವನ್ನು ತೆಗೆದುಕೊಳ್ಳಬೇಕು, ಪಕ್ಕದಲ್ಲಿರುವವರು ಎಷ್ಟೇ ದೊಡ್ಡವರಾಗಿರಲಿ, ಎಂದು ಹೇಳಿಕೊಟ್ಟವರು ನೀವು. "ಕಂಟ್ರೋಲ್ ನನ್ನದು" ಎಂದು ಹಿಡಿದು ಮೇಲಕ್ಕೆ ಎಳೆದೆ. ಕೆಳಗಿದ್ದ ಗುಡ್ಡ ಕಾಣಿಸಲಿಲ್ಲ, ಮೋಡವಷ್ಟೇ ಇತ್ತು. ಆದರೆ ಗುಡ್ಡ ಎಲ್ಲಿದೆ ಅಂತ ಇಬ್ಬರಿಗೂ ಗೊತ್ತಿತ್ತು. ನಿಮ್ಮ ಕೈಗಳು ತೊಡೆಯ ಮೇಲೆ ಬಿದ್ದವು. ನಿಮ್ಮ ಖಾಲಿ ಕೈಗಳನ್ನು ನಾನು ನೋಡಿದ್ದು ಅದೇ ಮೊದಲು. ನೋಡಲಾರದೆ ಮುಖ ತಿರುಗಿಸಿದೆ.

ಎರಡು ದಿನ ಬಿಟ್ಟು ನಿಮ್ಮ ಮನೆಗೆ ಬಂದೆ. ನೀವು ಔಷಧಿ ತರಲು ಹೋಗಿದ್ದಿರಿ. ಬಾಗಿಲು ತೆಗೆದೇ ಇತ್ತು, ಒಳಗೆ ಆಂಟಿ, ನಿಮ್ಮ ಮನೆಯವರು, ಕುರ್ಚಿಯಲ್ಲಿ ಒಬ್ಬರೇ ಕೂತಿದ್ದರು. ಲಕ್ವ ಹೊಡೆದು ಅವರ ಎಡಗೈ, ಎಡಗಾಲು ಹೋಗಿ ಆರು ತಿಂಗಳಾಗಿದೆ ಎಂಬುದು ನನಗೆ ತಿಳಿದದ್ದೇ ಆಗ! ಅಷ್ಟು ದಿನ ಪಕ್ಕಪಕ್ಕದಲ್ಲಿ ಕೂತು ಹಾರಿದ್ದೇವೆ, ಒಂದು ಮಾತು ಹೇಳಿದ್ದಿರಾ? ಅಡುಗೆ ನೀವೇ, ಸ್ನಾನ ಮಾಡಿಸುವುದು ನೀವೇ, ರಾತ್ರಿ ಅವರು ಮಗ್ಗುಲು ಬದಲಿಸಲು ಎದ್ದು ಸಹಾಯ ಮಾಡುವುದೂ ನೀವೇ, ಆಮೇಲೆ ಬಂದು ನನ್ನ ಪಾಲಿನ ಕೆಲಸವೂ ನೀವೇ. ನಿಮ್ಮ ಕಣ್ಣು ಕೆಂಪಗಿರುವುದು ನೋಡಿ ನಾನು, "ಸರ್, ಯಾವ ವೆಬ್ ಸೀರೀಸು?" ಎಂದು ತಮಾಷೆ ಮಾಡುತ್ತಿದ್ದೆ. ನೀವು ನಕ್ಕುಬಿಡುತ್ತಿದ್ದಿರಿ.

ಆಂಟಿ ಅತ್ತುಕೊಂಡು ಮಾತಾಡಲಿಲ್ಲ, ರೇಗಿಕೊಂಡು ಮಾತಾಡಿದರು. "ಎಡಗೈ ಹೋಯ್ತು ನಿಜ ಕಣೇ, ಬಲಗೈ ಏನು ಪಾಪ ಮಾಡಿತ್ತು? ಒಂದು ಲೋಟ ತೊಳೆಯೋಕೂ ಬಿಡಲ್ಲ ಈ ಮನುಷ್ಯ. ಷೋಕೇಸಿನ ಗೊಂಬೆ ಥರ ಕೂರಿಸಿಟ್ಟಿದಾರೆ. ನಾನೇನು ಒಡೆದು ಹೋಗ್ತೀನಾ?" ಅಂದರು.  ಅವರು ಕೂತಿದ್ದ ಕುರ್ಚಿ ಅಡುಗೆಮನೆಗೆ ಬೆನ್ನು ಹಾಕಿತ್ತು. ತಿರುಗಿಸಲಾ ಎಂದು ಕೇಳಿದೆ, ತಿರುಗಿಸು ಅಂದರು. ತಿರುಗಿಸಿ ಬಂದೆ.

ನೀವು ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು ಸರ್! ದರ್ಪದ ಕ್ಯಾಪ್ಟನ್ನುಗಳ ಜೊತೆ ಹಾರುವಾಗ ನಾನು ಮೈಯೆಲ್ಲ ಕಣ್ಣಾಗಿರುತ್ತೇನೆ. ನಿಮ್ಮ ಪಕ್ಕದಲ್ಲಿ ಮಾತ್ರ ಟಿಕೆಟ್ ಇಲ್ಲದ ಪ್ರಯಾಣಿಕಳಾಗಿಬಿಟ್ಟೆ. ಮಾಡಲು ಏನೂ ಇಲ್ಲದವರು ನೋಡುವುದನ್ನೂ ಬಿಡುತ್ತಾರೆ. ಎತ್ತರದ ಮುಳ್ಳು ಜಾರತೊಡಗಿದಾಗ ನಾನು ನೋಡುತ್ತಿದ್ದದ್ದು ಕಿಟಕಿಯ ಗಾಜಿನ ಮೇಲೆ ಹರಿಯುವ ನೀರನ್ನು. ಕಣ್ಣು ಒಳಗೆ ತಿರುಗುವಷ್ಟರಲ್ಲಿ ತಡವಾಗಿತ್ತು. ನನಗೆ ನಿಮ್ಮ ಮೇಲೆ ಸಿಟ್ಟಿದೆ. ಬಹಳ ಸಿಟ್ಟಿದೆ. ನಿಮ್ಮ ಮೇಲಿರುವ ಪ್ರೀತಿಯೂ ಅಷ್ಟೇ ಇರುವುದರಿಂದ ಈ ಸಿಟ್ಟನ್ನು ಎಲ್ಲಿ ಇಳಿಸಬೇಕೋ ಗೊತ್ತಾಗದೆ ಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದೇನೆ.

ನಿನ್ನೆ ವಿಚಾರಣೆಯ ಅಧಿಕಾರಿ ನನಗೆ ಫೋನ್ ಮಾಡಿದ್ದರು. "ನಿಮ್ಮ ಕ್ಯಾಪ್ಟನ್ ಪೂರ್ತಿ ತಪ್ಪು ನಂದೇ ಅಂತಿದಾರಲ್ರೀ. ಆ ಹುಡುಗಿ ಎಲ್ಲಾ ಸರಿಯಾಗೇ ಮಾಡಿದಾಳೆ, ನಾನೇ ಕೇಳಲಿಲ್ಲ ಅಂತಾರೆ. ಅದೇ ನಿಜ ಆದ್ರೆ ಅವರನ್ನ ಹಾರಾಟದಿಂದ ಕೆಳಗಿಳಿಸೋದು ಬಿಟ್ಟು ಬೇರೆ ದಾರಿ ಇಲ್ಲ. ನಿಮಗೇನೂ ತೊಂದರೆ ಇಲ್ಲ, ಯೋಚನೆ ಮಾಡಬೇಡಿ" ಅಂದರು. ಇಬ್ಬರ ನಡುವಿನ ತಪ್ಪಾಗಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಇಬ್ಬರನ್ನೂ ಮತ್ತೆ ತರಬೇತಿಗೆ ಹಾಕುತ್ತೇವೆ, ಪಾಸಾದರೆ ಇಬ್ಬರೂ ಹಾರಬಹುದು ಅಂದರು. ಹಾಗಾದರೆ ನನ್ನ ಎಡಗಡೆ ಸೀಟು, ಅಂದರೆ ಮುಂದಿನ ತಿಂಗಳು ಬರಬೇಕಾದ ಕ್ಯಾಪ್ಟನ್ ಪಟ್ಟ, ಸದ್ಯಕ್ಕೆ ಮರೆತುಬಿಡಬೇಕು ಎಂದೂ ಹೇಳಿದರು.

ಬೆಳಿಗ್ಗೆ ನೀವು ಹೌದು ಇಲ್ಲ ಅಂದ್ರೆ ಸಾಕು ಅಂದದ್ದು ಯಾಕೆ ಅಂತ ನನಗೆ ಗೊತ್ತಾಗದೇ ಇರುತ್ತದೆಯೇ? ವಿಮಾನ ನಡೆಸಿದಿರಿ, ರೇಡಿಯೋ ಮಾತಾಡಿದಿರಿ, ಕರೆ ಎತ್ತಿದಿರಿ, ಈಗ ತಪ್ಪನ್ನೂ ಒಬ್ಬರೇ ಹೊರಲು ಹೊರಟಿದ್ದೀರಿ. ಬಲಗಡೆ ಕೂತವಳಿಗೆ ಇನ್ನೇನು ಉಳಿಸಿದಿರಿ ಸರ್?

ನಾಳೆ ಅವರು ಕೇಳಿದಾಗ ಹೌದು ಇಲ್ಲ ಅನ್ನುವುದಿಲ್ಲ. ಮೊದಲ ದಿನ ನನ್ನ ಕೆಲಸವನ್ನು ನೀವು ಎತ್ತಿಕೊಂಡಾಗಲೇ ಕೊಡಿ ಸರ್ ಎಂದು ಕೇಳಬೇಕಿತ್ತು, ಆರಾಮವಾಗಿತ್ತು ಅಂತ ಕೇಳಲಿಲ್ಲ, ಆ ಮಧ್ಯಾಹ್ನ ನೋಡಬೇಕಾದದ್ದನ್ನು ತಡವಾಗಿ ನೋಡಿದೆ ಎಂದು ಹೇಳುತ್ತೇನೆ. ಇದು ತ್ಯಾಗವಲ್ಲ, ದಯವಿಟ್ಟು ಹಾಗೆ ತಿಳಿದು ಕಣ್ಣೀರು ಹಾಕಬೇಡಿ. ನಡೆದದ್ದು ಹೀಗೆ, ಅಷ್ಟೇ. ಆಂಟಿಯ ಆರೈಕೆಯ ವಿಷಯ ಹೇಳಬೇಕಾದವರು ನೀವು, ಅದನ್ನು ನಾನು ಎತ್ತುವುದಿಲ್ಲ. ಆದರೆ ಹೇಳಿ ಸರ್. ನನ್ನ ಕೈಲಾಗುತ್ತಿಲ್ಲ ಎಂಬ ಒಂದು ಮಾತನ್ನು ನಿಮ್ಮ ಬಾಯಿಂದ ಯಾರೂ ಕೇಳಿಲ್ಲ. ನಾಳೆ ಆ ಕೋಣೆಯಲ್ಲಿ ಹೇಳಿ. ಅದಕ್ಕೂ ಮೊದಲು ಇವತ್ತು ಮನೆಯಲ್ಲಿ ಹೇಳಿ.

ನಾನು ಮಾತಾಡುವಾಗ ನೀವು ನಡುವೆ ಬಾಯಿ ಹಾಕುತ್ತೀರಿ, ನನಗೆ ಗೊತ್ತು. ಆ ಹುಡುಗಿ ಪ್ರೀತಿಯಿಂದ ಹೀಗೆ ಹೇಳುತ್ತಿದ್ದಾಳೆ, ನಂಬಬೇಡಿ ಅನ್ನುತ್ತೀರಿ. ಅನ್ನಬೇಡಿ. ಆ ತಪ್ಪಿನಲ್ಲಿ ಅರ್ಧ ನನ್ನದು, ನಾನು ಸಂಪಾದಿಸಿದ್ದು. ಅದನ್ನು ನನ್ನ ಕೈಯಿಂದ ಕಿತ್ತುಕೊಂಡರೆ ಮಾತ್ರ ನಿಮ್ಮನ್ನು ಕ್ಷಮಿಸಲಾರೆ.

ಇವತ್ತಾದರೂ ನಿಮಗೆ ಗಾಢವಾದ ನಿದ್ದೆ ಬರಲಿ, ಯಾರಾದರೂ ನಿಮಗೆ ಹೊದಿಸುವಂತಾಗಲಿ.

ನಿಮ್ಮ ಪಕ್ಕದಲ್ಲಿ ಇನ್ನೂ ಕೂರಬೇಕೆಂದಿರುವ,
ಮರಿ