ಪಕ್ಕದ ಮನೆಯಲ್ಲಿ ವಿಚಾರಿಸಿಕೊಂಡು ಹೋದವನು

ಫೆಬ್ರುವರಿ 3, ಸೋಮವಾರ

ವಾರವಾರ ನಾನು ಹೊರಡಿಸುವ ಬುಲೆಟಿನ್ ಬೆಳಿಗ್ಗೆಯೇ ಹೋಯಿತು. ಮೇಲೆ ಈ ವಾರದ ಸಭೆಗಳು, ಕೆಳಗೆ ಖಾಲಿ ಹುದ್ದೆಗಳು. ವಾಷಿಂಗ್ಟನ್ನಿನಲ್ಲಿ ದೇಶರಕ್ಷಣೆಯ ಹೆಸರು ಹೇಳಿ ಬಾಯಿ ತೆರೆಯುವವರೆಲ್ಲ ಮೇಲೆ. ತೆರೆಯಲು ಕಾದು ಕೂತವರಿಗಾಗಿ ಕೆಳಗೆ. ತೈವಾನ್ ಬಗ್ಗೆ ನಾಲ್ಕು ಕಡೆ ಚರ್ಚೆ, ಊಟ ಒಂದೇ ಕಡೆ. ಜನ ಎಲ್ಲಿ ಸೇರುತ್ತಾರೆ ಎಂದು ಹೇಳಲು ಪರಿಣತರು ಬೇಕಿಲ್ಲ.

ಯಾವ ಹುದ್ದೆ ನಿಜಕ್ಕೂ ಖಾಲಿ, ಯಾವುದಕ್ಕೆ ಆಗಲೇ ವರನನ್ನು ಗೊತ್ತುಮಾಡಿ ಆಮೇಲೆ ಸ್ವಯಂವರ ಸಾರಿದ್ದಾರೆ — ಒಕ್ಕಣೆ ನೋಡಿದರೇ ತಿಳಿಯುತ್ತದೆ ನನಗೆ. ಸೈನ್ಯದ ಉಗ್ರಾಣದಿಂದ ಬಂದವನು. ಡಿಗ್ರಿ ಇಲ್ಲ. ಈ ಊರಲ್ಲಿ ನಿಂತಿರುವುದು ನಾಲಿಗೆಯ ಬಲದ ಮೇಲೆ. ಎಲ್ಲರೂ ಪರಿಚಯ... ಕರೆದು ಕುರ್ಚಿ ಕೊಟ್ಟವರು ಮಾತ್ರ ಯಾರೂ ಇಲ್ಲ.

ಎಂದಿನಂತೆ ನಿನ್ನೆ ವರ್ನಾ ತಪ್ಪು ತಿದ್ದಿಕೊಟ್ಟಳು. ಜಿಲ್ಲೆಯ ಸ್ಕೂಲ್ ಬಸ್ಸುಗಳಿಗೆಲ್ಲ ರೂಟು ಹಾಕುವವಳು. ಗಂಡನ ಬುಲೆಟಿನ್ನಿನಲ್ಲಿ ಒಂದು ಸಾಲು ದಾರಿ ತಪ್ಪಲು ಬಿಟ್ಟಾಳೆಯೆ?

ಫೆಬ್ರುವರಿ 6, ಗುರುವಾರ

ಸಂಜೆ ಬೇಲಿಯಾಚೆಯಿಂದ ಹಾರ್ಟೆನ್ಸ್, ಪಕ್ಕದ ಮನೆಯ ಅಜ್ಜಿ, ಕೂಗಿದರು.

"ಲೈಲ್, ಒಂದ್ನಿಮಿಷ ಬಾಪ್ಪಾ ಇಲ್ಲಿ. ನಿನ್ನೆ ಒಬ್ಬ ಬಂದಿದ್ದ. ಕೋಟು, ಬ್ಯಾಡ್ಜು ಎಲ್ಲಾ ಇತ್ತು. ನಿಮ್ಮನೆ ವಿಷಯ ಕೇಳ್ದ. ಕುಡೀತಾರಾ, ಸಾಲಸೋಲ ಇದೆಯಾ, ಹೊರದೇಶದೋರು ಬಂದ್ ಹೋಗ್ತಾರಾ ಅಂತ."

ಈ ಊರಿನ ಹಸುಗೂಸಿಗೂ ಗೊತ್ತು — ಸರಕಾರದ ಗುಟ್ಟು ಕಾಯುವ ಕೆಲಸಕ್ಕೆ ಯಾರನ್ನಾದರೂ ತೆಗೆದುಕೊಳ್ಳುವ ಮೊದಲು ಅಕ್ಕಪಕ್ಕದ ಮನೆಯಲ್ಲಿ ಹೀಗೆ ವಿಚಾರಿಸುತ್ತಾರೆ.

"ನೀವೇನಂದ್ರಿ?"

"ಕಸದ ಡಬ್ಬ ಹೊತ್ತಿಗೆ ಸರಿಯಾಗಿ ಒಳಗೆ ತಗೋತಾರೆ ಅಂದೆ. ಅಲ್ಲ ಕಣಪ್ಪಾ, ಅವನು ಕೇಳಿದ್ದು—"

"ಗೊತ್ತಾಯ್ತು ಬಿಡಿ ಅಜ್ಜಿ," ಎಂದೆ. ಇಂಥದ್ದನ್ನು ಬೇಲಿಯ ಮೇಲೆ ಆಡಬಾರದು.

ಆದರೆ ನಾನು ಎಲ್ಲಿಯೂ ಅರ್ಜಿ ಹಾಕಿಲ್ಲವಲ್ಲ! ಕೇಳದವನಿಗೆ ಹೆಣ್ಣು ನೋಡುತ್ತಿರುವವರು ಯಾರು?

ಫೆಬ್ರುವರಿ 13, ಗುರುವಾರ

ಬಂದರುಗಳ ಭದ್ರತೆಯ ಚರ್ಚೆಗೆ ಹೋದೆ. ತಣ್ಣಗಿನ ಸ್ಯಾಂಡ್‌ವಿಚ್. ಕರ್ನಲ್ ಪ್ರೂಯಿಟ್ — ನಿವೃತ್ತಿಯ ನಂತರ ಸಭೆಗಳ ಅಧ್ಯಕ್ಷತೆಯೇ ಆಕೆಯ ಕಸುಬು — ನನ್ನ ಕೈ ಹಿಡಿದವರು ತಕ್ಷಣ ಬಿಡಲಿಲ್ಲ.

"ಹೇಗಿದೀರಿ ಸಾರ್ಜೆಂಟ್? ಎಲ್ಲಾ ಸರಿಯಾಗಿ ನಡೀತಿದೆಯಾ?"

ಎಲ್ಲಾ ಎಂದರೆ? ಹಿಂದೆಂದೂ ಕೇಳಿದವರಲ್ಲ. ನನ್ನ ಹೆಸರು ಸೂಚಿಸಿದವರು ಇವರೇ ಇರಬಹುದೆ? ಅಥವಾ ಬರೀ ಮರ್ಯಾದೆಗೆ ಕೇಳಿದರೋ? ಅತ್ತ ನಮ್ಮ ಬಾಸ್ ಗ್ರೇಡಿ ಮೂರು ದಿನದಿಂದ ನನ್ನ ಕಣ್ಣು ತಪ್ಪಿಸುತ್ತಿದ್ದಾನೆ. ಅವನ ಹತ್ತಿರವೂ ವಿಚಾರಿಸಿರಬೇಕು. ಇಲ್ಲವೇ ನನ್ನ ಸಂಬಳ ಹೆಚ್ಚಿಸುವ ಮಾತು ಬಂದೀತೆಂಬ ಭಯ. ಎರಡಕ್ಕೂ ಮುಖ ಒಂದೇ ಥರ ಆಗುತ್ತದೆ ಅವನದು.

ವರ್ನಾಗೆ ಹೇಳಿಲ್ಲ. ಸುಮ್ಮನೆ, "ನಮ್ಮ ದೆಸೆ ತಿರುಗಬಹುದು" ಎಂದೆ. ಅವಳು ಸೂಪು ಕಲಕುವುದನ್ನು ನಿಲ್ಲಿಸಿದಳು. ನನ್ನ ಮುಖವನ್ನೇ ನೋಡಿದಳು. ಮತ್ತೆ ಕಲಕಿದಳು.

ಫೆಬ್ರುವರಿ 20, ಗುರುವಾರ

ಬಾಲ್ಟಿಕ್ ಕಡೆಯ ಒಂದು ದೂತಾವಾಸದಲ್ಲಿ ಸಂಜೆ ಕೂಟ. ಹೊಗೆಯಲ್ಲಿ ಬೇಯಿಸಿದ ಮೀನು, ಕಪ್ಪು ಬ್ರೆಡ್ಡು. ಊಟದಲ್ಲಿ ಪುಟ್ಟ ದೇಶಗಳೇ ದೊಡ್ಡವು.

ಅಲ್ಲಿನ ಸೈನಿಕ ಪ್ರತಿನಿಧಿ ಮೇಜರ್ ಆರ್ವಿಡ್ಸ್ ಹಳೆಯ ಸ್ನೇಹಿತ. ಎರಡನೆಯ ಗ್ಲಾಸು ಒಳಗೆ ಹೋಗಿತ್ತು. ಭುಜದ ಮೇಲೆ ಕೈ ಹಾಕಿ ಅಂದೆ: "ಮೇಜರ್, ಇವತ್ತೇ ಎಲ್ಲಾ ಮಾತಾಡಿಬಿಡಿ. ಇನ್ನು ಸ್ವಲ್ಪ ದಿನ ಆದ್ಮೇಲೆ ನನ್ನ ಜೊತೆ ಹೀಗೆ ಮಾತಾಡೋಕೆ ಪರ್ಮಿಷನ್ ಬೇಕಾಗುತ್ತೆ."

"ಓಹೋ! ಯಾವ ಇಲಾಖೆ?"

"ಅದನ್ನ ಹೇಳೋ ಹಾಗಿದ್ರೆ ಪರ್ಮಿಷನ್ ಯಾಕೆ ಬೇಕು?"

ಇಬ್ಬರೂ ನಕ್ಕೆವು. ನಿಜ ಹೇಳಬೇಕೆಂದರೆ ಯಾವ ಇಲಾಖೆಯೆಂದು ನನಗೂ ಗೊತ್ತಿಲ್ಲ.

ಮಾರ್ಚ್ 11, ಮಂಗಳವಾರ

ಫೋನು ಬಂತು. ಟೂಮಿ ಎಂಬಾತ. ಹಿನ್ನೆಲೆ ವಿಚಾರಣೆಯ ಅಧಿಕಾರಿಯಂತೆ. ಗುರುವಾರ ಮನೆಗೆ ಬರುತ್ತಾನಂತೆ. ನೀಲಿ ಸೂಟು ಇಸ್ತ್ರಿಗೆ ಕೊಟ್ಟೆ. ಊಟಕ್ಕೆ ಕೂತಾಗ ತಡೆಯಲಾಗಲಿಲ್ಲ.

"ವರ್ನಾ, ಕೇಳು. ಕೊನೆಗೂ ಕರೆದ್ರು. ನನ್ನ ವಿಚಾರಣೆ ನಡೀತಿದೆ."

ಅವಳು ಫೋರ್ಕು ಕೆಳಗಿಟ್ಟಳು.

"ನಿನ್ನದಲ್ಲ ಲೈಲ್. ನಂದು."

ನಾನು ನಕ್ಕೆ. ಅವಳು ನಗಲಿಲ್ಲ. ವಿಪತ್ತಿನ ಹೊತ್ತಲ್ಲಿ ಔಷಧಿ, ನೀರು, ಇಂಧನ ಎಲ್ಲಿಂದ ಎಲ್ಲಿಗೆ ಹೇಗೆ ಸಾಗಿಸಬೇಕು ಎಂದು ಯೋಜಿಸುವ ಸರಕಾರಿ ಹುದ್ದೆ. ಕಳೆದ ಶರತ್ಕಾಲದಲ್ಲಿ ಅರ್ಜಿ ಹಾಕಿದ್ದಳಂತೆ. ಆಯ್ಕೆಯಾಗಿದೆ, ಈ ವಿಚಾರಣೆಯೊಂದು ದಾಟಬೇಕು.

"ಎಲ್ಲಿ ನೋಡಿದೆ ಅದನ್ನ?"

"ನಿನ್ನ ಬುಲೆಟಿನ್ನಲ್ಲಿ. ಭಾನುವಾರ ತಿದ್ದೋವಾಗ."

ಸಾವಿರಾರು ಜನಕ್ಕೆ ಕೆಲಸ ಎಲ್ಲಿದೆಯೆಂದು ಸಾರಿದವನು. ಎದುರಿಗೆ ಕೂತು ಓದುತ್ತಿದ್ದವಳು ನನಗೆ ಕಾಣಿಸಲಿಲ್ಲವೆ?

"ನಂಗ್ಯಾಕೆ ಹೇಳಲಿಲ್ಲ?"

"ಭಾನುವಾರ ಹೇಳಿದ್ರೆ ಮಂಗಳವಾರದೊಳಗೆ ಮೂರು ದೂತಾವಾಸಕ್ಕೆ ಗೊತ್ತಾಗ್ತಿತ್ತು." ಆಮೇಲೆ ನಿಧಾನವಾಗಿ, "ಇಪ್ಪತ್ತು ವರ್ಷ ಬಸ್ಸಿನ ಜೊತೆ ಕಳೆದೆ. ಇದು ನಂಗೆ ಬೇಕು ಲೈಲ್."

ಆರ್ವಿಡ್ಸ್ ನೆನಪಾದ. ಹೇಳಿದೆ. ಎಲ್ಲವನ್ನೂ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಟೂಮಿ ಅದನ್ನೇ ಕೇಳ್ತಾನೆ, ನಿನ್ನ ಹೊರದೇಶದ ಸ್ನೇಹಿತರ ವಿಷಯ. ಸುಳ್ಳು ಹೇಳಿದ್ರೆ ನನ್ನ ಕೆಲಸ ಹೋಗುತ್ತೆ. ನಿಜ ಹೇಳಿದ್ರೆ ಹೋಗ್ಬಹುದು. ನೋಡು."

ಮಾರ್ಚ್ 13, ಗುರುವಾರ

ಟೂಮಿ ತೆಳ್ಳಗಿನ ಮನುಷ್ಯ. ಕಾಫಿ ಬೇಡವೆಂದ. ಕೂಟಗಳಿಗೆ ಯಾಕೆ ಹೋಗುತ್ತೀರಿ, ಯಾರ ಜೊತೆ ಮಾತಾಡುತ್ತೀರಿ...

"ನಿಮ್ಮ ಹೆಂಡತಿಯವರ ಕೆಲಸದ ಬಗ್ಗೆ ಹೊರದೇಶದವರ ಹತ್ರ ಏನಾದ್ರೂ ಹೇಳಿದ್ದೀರಾ?"

ಇಲ್ಲ ಎಂದರೆ ಅದು ಸುಳ್ಳೂ ಅಲ್ಲ. ಅವಳ ಕೆಲಸದ ವಿಷಯ ನನಗೇ ಗೊತ್ತಿರಲಿಲ್ಲವಲ್ಲ. ನುಣುಚಿಕೊಳ್ಳಲು ಗಲ್ಲಿ ಇತ್ತು. ಇಂಥ ಗಲ್ಲಿಗಳಲ್ಲೇ ಓಡಾಡಿ ಬದುಕಿದವನು ನಾನು.

"ನನ್ನ ಕೆಲಸದ ಬಗ್ಗೆ ಹೇಳಿದ್ದೆ," ಎಂದೆ.

"ಯಾವ ಕೆಲಸ?"

"ಇಲ್ಲದೇ ಇದ್ದದ್ದು." ಹಾರ್ಟೆನ್ಸ್ ಅಜ್ಜಿಯಿಂದ ಹಿಡಿದು ಎರಡನೆಯ ಗ್ಲಾಸಿನವರೆಗೆ ಒಪ್ಪಿಸಿದೆ. ಸೂಟು ಇಸ್ತ್ರಿ ಮಾಡಿಸಿದ್ದನ್ನೂ.

ಟೂಮಿ ಬಹಳ ಹೊತ್ತು ಬರೆದ. ತುಟಿ ಕೊಂಚ ಅಲುಗಿತು ಅನಿಸಿತು. ನಗುವೋ, ಬೇರೇನೋ? ಬಾಗಿಲಲ್ಲಿ, "ನಿಮ್ಮ ಹೆಂಡತಿ ಗುಟ್ಟು ಕಾಯ್ತಾರೆ ಅಂತ ನಿಮಗೆ ನಂಬಿಕೆ ಇದೆಯಾ?" ಎಂದು ಕೇಳಿದ.

"ಸ್ವಾಮೀ," ಎಂದೆ, "ಅರ್ಧ ವರ್ಷ ನನ್ನ ಜೊತೆ ಒಂದೇ ಮೇಜಿನಲ್ಲಿ ಊಟ ಮಾಡಿ ಕಾದಿದ್ದಾಳೆ."

ಏಪ್ರಿಲ್ 24, ಗುರುವಾರ

ಇನ್ನೂ ಏನೂ ಇಲ್ಲ. ಸಭೆಗಳಿಗೆ ಹೋಗುವುದನ್ನು ನಿಲ್ಲಿಸಿದ್ದೇನೆ. ವರ್ನಾ ಬಸ್ಸು ನೋಡಿಕೊಂಡಿದ್ದಾಳೆ. ಫೋನು ಬಂದಾಗ ಇಬ್ಬರೂ ಏಳುತ್ತೇವೆ, ಇಬ್ಬರೂ ಕೂರುತ್ತೇವೆ. ನನ್ನಿಂದ ಕೆಟ್ಟಿತೋ, ಉಳಿಯಿತೋ? ಯಾರನ್ನು ಕೇಳಲಿ? ಕೇಳುವುದೂ ಆಡುವುದೇ ಅಲ್ಲವೆ.

ಮೇ 15, ಗುರುವಾರ

ನಿನ್ನೆ ಬಂತು. ಕೆಲಸ ಅವಳದು! ಅಡುಗೆಮನೆಯಲ್ಲಿ ನಿಂತೇ ಅತ್ತಳು.

ಇವತ್ತು ಗ್ರೇಡಿ ಕಳಿಸಿದ ಸಭೆಗೆ ಹೋಗಲೇಬೇಕಾಯಿತು. ಆರ್ವಿಡ್ಸ್ ಅಲ್ಲಿದ್ದ.

"ಏನ್ರೀ, ಪರ್ಮಿಷನ್ ತಗೊಂಡು ಮಾತಾಡಬೇಕಾ?"

ನಾಲಿಗೆಯ ತುದಿಗೆ ಬಂದಿತ್ತು, ನಮ್ಮನೆಯಲ್ಲಿ ಯಾರು ಏನಾದರು ಎಂದು. "ಇಲ್ಲಪ್ಪ," ಎಂದೆ. "ಆಗಲಿಲ್ಲ. ಯಾರೂ ಕರೀಲಿಲ್ಲ."

ಅವನು ಬೆನ್ನು ತಟ್ಟಿದ. ತಾನೇ ಹೋಗಿ ನನಗೊಂದು ಗ್ಲಾಸು ತಂದುಕೊಟ್ಟ. ಪಕ್ಕದಲ್ಲಿದ್ದವರೂ ಪಾಪ ಎನ್ನುವ ಹಾಗೆ ನೋಡಿದರು. ಕುಡಿದೆ. ಅಷ್ಟೇನೂ ಕಹಿ ಇರಲಿಲ್ಲ... ಯಾಕೆಂದು ತಿಳಿಯದು.

ಜೂನ್ 9, ಸೋಮವಾರ

ವರ್ನಾಳ ಮೊದಲ ದಿನ. ತಡವಾಗಿ ಬಂದಳು. ಶೂ ಬಿಚ್ಚಿ ಸೋಫಾದ ಮೇಲೆ ಕಾಲು ಚಾಚಿದಳು. ನಾನಾಗಿ ಏನೂ ಕೇಳಲಿಲ್ಲ. ಸೂಪು ಬಡಿಸಿದೆ. ಸ್ವಲ್ಪ ಹೊತ್ತಾದ ಮೇಲೆ ತಾನೇ ನಗುತ್ತ, "ಒಂದು ತಮಾಷೆ ಹೇಳ್ತೀನಿ, ಇದನ್ನ ಹೇಳಬಹುದು ಅನ್ಸುತ್ತೆ," ಎಂದಳು. ಅವರ ಆಫೀಸಿನಲ್ಲಿ ಒಂದು— ಬೇಡ, ಇದನ್ನು ಇಲ್ಲಿಯೂ ಬರೆಯುವುದಿಲ್ಲ.