ಬಿಳಿ ಸೀರೆಯ ಸುದ್ದಿ

ಶಿವಮೊಗ್ಗ
12-3-1962

ಪ್ರೀತಿಯ ಅಮೀರುನ್ನೀಸಾಗೆ ನಿನ್ನ ಸುಭದ್ರೆಯ ಸಲಾಮು. ನೀನು ಕಾಗದದಲ್ಲಿ ಕಳಿಸಿದ ನಮಸ್ಕಾರವೂ ಬಂದು ಮುಟ್ಟಿತು. ಫಕ್ರುದ್ದೀನಣ್ಣನಿಗೂ ಮಕ್ಕಳಿಗೂ ನನ್ನ ನೆನಪು ಹೇಳು. ದಾವಣಗೆರೆಯ ಮನೆ ಒಗ್ಗಿತೇ?

ಮೊದಲು ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಉಗುರು ಕಚ್ಚಿಕೊಂಡು ಓದುವವಳು. ನನ್ನ ನರ್ಸ್ ಟ್ರೈನಿಂಗ್ ನಿಲ್ಲಲಿಲ್ಲ. ಅವ್ವನಿಗೆ ಎಲ್ಲ ಗೊತ್ತಾಯಿತು, ಆದರೂ ನಿಲ್ಲಲಿಲ್ಲ. ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬ ಊಟ ಮಾಡಿ ನಿದ್ದೆ ಮಾಡಿದ್ದೇನೆ.

ಭದ್ರಾವತಿಯ ನಮ್ಮ ಹೊಲಿಗೆ ಶಾಲೆಯ ಟೀಚರ್ ಕೆಲಸ ಬಿಟ್ಟು ನಾನು ಇಲ್ಲಿಗೆ ಹೊರಟಾಗ, ಅವ್ವನಿಗೆ ನಿಜ ಹೇಳು ಮಾರಾಯ್ತಿ ಎಂದು ನೀನು ಬಡಿದುಕೊಂಡಿದ್ದೆ. ನಾನು ಕೇಳಬೇಕಲ್ಲ! ದೊಡ್ಡ ಹೊಲಿಗೆ ಪರೀಕ್ಷೆಗೆ ಓದುತ್ತೇನೆ ಎಂದು ಹೇಳಿ ಇಬ್ಬರು ಮಕ್ಕಳನ್ನೂ ಹೊಳಲೂರಿನಲ್ಲಿ ಅವಳ ಮಡಿಲಿಗೆ ಹಾಕಿ ಬಂದೆ. ಕಂಡವರ ಮಲಮೂತ್ರ ಎತ್ತುವ ಕೆಲಸ ಎಂದು ಗೊತ್ತಾದರೆ ಮಕ್ಕಳನ್ನು ವಾಪಸು ತಂದು ಬಿಡುತ್ತಾಳೆ ಎಂಬ ಹೆದರಿಕೆ. ನಮ್ಮ ಮನೆಯವರಿಗೋ ಕಾರ್ಖಾನೆಯಲ್ಲಿ ವಾರಕ್ಕೊಂದು ಪಾಳಿ. ಅವರೊಬ್ಬರೇ ಮಕ್ಕಳನ್ನು ನೋಡಿಕೊಳ್ಳಲಾರರು. ಅವ್ವ ಒಲ್ಲೆ ಎಂದ ದಿನ ನನ್ನ ಓದು ಮುಗಿದಂತೆಯೇ. ಇಲ್ಲಿ ನನ್ನ ಜೊತೆ ಕಲಿಯುವ ಹುಡುಗಿಯರು ಸುಭದ್ರಕ್ಕ, ಸುಭದ್ರಕ್ಕ ಎಂದು ನನ್ನ ಕೈಲಿ ತಲೆ ಬಾಚಿಸಿಕೊಳ್ಳುತ್ತಾರೆ. ಮೂಳೆಗಳ ಹೆಸರು ಮಾತ್ರ ನನಗಿಂತ ಬೇಗ ಬಾಯಿಪಾಠ ಮಾಡುತ್ತಾರೆ.

ವಾರ್ಡಿನಲ್ಲಿ ಬಿಳಿ ಸೀರೆ ಕಡ್ಡಾಯ, ಗಾಜಿನ ಬಳೆ ಹಾಕುವಂತಿಲ್ಲ. ಊರಿಗೆ ಹೋಗುವಾಗ ನಾನು ಕೈತುಂಬ ಬಳೆ ತೊಟ್ಟು, ಬಣ್ಣದ ಸೀರೆ ಉಟ್ಟೇ ಹೋಗುತ್ತಿದ್ದೆ. ಹೋದ ತಿಂಗಳು ನಮ್ಮೂರಿನ ಹಿರಿಯಣ್ಣನವರು ಯಾರನ್ನೋ ನೋಡಲು ಆಸ್ಪತ್ರೆಗೆ ಬಂದಿದ್ದರಂತೆ. ನನಗೆ ಅವರು ಕಾಣಲಿಲ್ಲ, ಅವರಿಗೆ ನಾನು ಕಂಡೆ. ಬಿಳಿ ಸೀರೆ, ಬರಿಗೈ, ತಾಳಿ ರವಿಕೆಯೊಳಗೆ. ಬೆವರಿಗೆ ಕುಂಕುಮ ಅಳಿಸಿ ಹಣೆಯಲ್ಲಿ ವಿಭೂತಿ ಮಾತ್ರ ಉಳಿದಿತ್ತು. ಇನ್ನೇನು ಬೇಕು? ಗಂಡ ತೀರಿಕೊಂಡಿದ್ದಾನೆ, ಪಾಪದ ಹುಡುಗಿ ಹೊಟ್ಟೆಪಾಡಿಗೆ ಆಸ್ಪತ್ರೆ ಸೇರಿದ್ದಾಳೆ, ಹೆತ್ತವಳಿಗೆ ಹೇಳಲು ಧೈರ್ಯ ಸಾಲದೆ ಮುಚ್ಚಿಟ್ಟಿದ್ದಾಳೆ ಎಂದು ಅವರೇ ತೀರ್ಮಾನ ಮಾಡಿಕೊಂಡರು. ಬಂದು ಒಂದು ಮಾತು ಕೇಳಬಾರದಿತ್ತೇ! ಅಂಥ ಹೆಂಗಸನ್ನು ಏನೆಂದು ಮಾತಾಡಿಸುವುದು ಎಂದು ಆ ಒಳ್ಳೆಯ ಮನುಷ್ಯ ಮುಖ ತಿರುಗಿಸಿ ಬಸ್ಸು ಹತ್ತಿದರು. ಊರಿಗೆ ಹೋದವರೇ ಸುದ್ದಿಯನ್ನು ಅವ್ವನಿಗೆ ಮುಟ್ಟಿಸಿದರು.

ಮರುದಿನ ಬೆಳಿಗ್ಗೆ ಅವ್ವ ನನ್ನ ಸೋದರಮಾವ ವೀರಪ್ಪನನ್ನು ಕರೆದುಕೊಂಡು, ಎದೆ ಬಡಿದುಕೊಳ್ಳುತ್ತಾ ಭದ್ರಾವತಿ ನ್ಯೂ ಟೌನಿನ ನಮ್ಮ ಮನೆ ಬಾಗಿಲಿಗೆ ಬಂದಳು. ನಮ್ಮ ಮನೆಯವರು ರಾತ್ರಿ ಪಾಳಿ ಮುಗಿಸಿ ಮಲಗಿದ್ದವರು, ಬನೀನಿನಲ್ಲೇ ಎದ್ದು ಬಂದು ಬಾಗಿಲು ತೆಗೆದರು. ಅತ್ತೆ ಅಳುವುದನ್ನು ನೋಡಿ, ಹೊಳಲೂರಿನಲ್ಲಿ ಯಾರೋ ಹೋದರೆಂದು ತಾವೂ ಗೊಳೋ ಎಂದು ಅತ್ತರಂತೆ. "ಯಾರು ಹೋದ್ರು ಅತ್ತೆ?" ಎಂದು ಅವರು ಬಿಕ್ಕುತ್ತಾ ಕೇಳಿದರೆ, "ನೀವೇ ಹೋಗಿದ್ರಲ್ಲ ಮಾರಾಯ್ರೇ!" ಎಂದನಂತೆ ಮಾವ. ಪಕ್ಕದ ಮನೆಯ ತಮಿಳು ಹೆಂಗಸರು ಯಾರನ್ನು ಸಮಾಧಾನ ಮಾಡುವುದೆಂದು ತಿಳಿಯದೆ ನಿಂತಿದ್ದರಂತೆ. ಅವ್ವ ಅಳಿಯನ ಎರಡೂ ಕೈ ಹಿಡಿದು ನೋಡಿದಳಂತೆ. ಇವರಿಗೆ ಸುಳ್ಳು ಹೇಳಲು ಬರುವುದಿಲ್ಲ, ನಿನಗೆ ಗೊತ್ತು. ಎಲ್ಲವನ್ನೂ ಒದರಿದರು.

ಮಧ್ಯಾಹ್ನ ನಮ್ಮ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಅವ್ವ ಕೂತಿದ್ದಳು. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹೊಲಿಗೆ ಯಾಕೆ ಬೇಡವಾಯಿತು ಎಂದು ಕೇಳಿದಳು. ನಿನ್ನ ಎರಡನೆಯ ಹೆರಿಗೆಯ ಕಥೆ ಹೇಳಿದೆ. ನೀನು ಒಳಗೆ ಕೂಗುತ್ತಿದ್ದೆ, ನಾನು ಬಿಸಿನೀರಿನ ಪಾತ್ರೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಿದ್ದೆ. ನರ್ಸಮ್ಮ ಬಂದು ನಿನ್ನ ಮೈ ಮುಟ್ಟಿದ ಮೇಲೆ ನಿನಗೆ ಉಸಿರು ಬಂತು. ಆವತ್ತಿನಿಂದ ರವಿಕೆಗೆ ಕತ್ತರಿ ಹಾಕುವಾಗಲೆಲ್ಲ ನನಗೆ ಆ ಕೈಗಳೇ ಕಾಣುತ್ತಿದ್ದವು ಎಂದೆ. ಮಕ್ಕಳನ್ನು ಇನ್ನೊಂದು ವರ್ಷ ಇಟ್ಟುಕೋ ಎಂದು ಕಾಲು ಹಿಡಿದೆ.

ಅವ್ವ ಸೆರಗಿನಲ್ಲಿ ಮೂಗು ಒರೆಸಿಕೊಂಡು ಹೇಳಿದಳು: "ನಿನ್ನ ಗಂಡ ಹೋದ್ರು ಅಂತ ಹೊಳಲೂರಿಂದ ಭದ್ರಾವತಿ ತನಕ ಅತ್ತಿದೀನಿ ಕಣೆ. ಇನ್ನು ನಿನ್ನ ಬಿಳಿ ಸೀರೆಗೆ ಅಳೋಕೆ ನನ್ನ ಹತ್ರ ಕಣ್ಣೀರು ಉಳಿದಿಲ್ಲ. ಅವರು ಗಟ್ಟಿಯಾಗಿದಾರಲ್ಲ, ನೀನು ಏನಾದ್ರೂ ಓದ್ಕೊ. ಮಕ್ಕಳು ನನ್ನ ಹತ್ರಾನೇ ಇರ್ಲಿ." ನಾನು ನಗುತ್ತಾ ಅತ್ತುಬಿಟ್ಟೆ, ಅಮೀರು. ಸಿಸ್ಟರ್ ಒಳಗಿಂದ ಗದರಿದ ಮೇಲೆಯೇ ಸುಮ್ಮನಾದದ್ದು.

ಅವ್ವ ಇನ್ನೂ ಇಲ್ಲೇ ಶಿವಮೊಗ್ಗದಲ್ಲಿದ್ದಾಳೆ. ಸದ್ಯಕ್ಕೆ ಮಕ್ಕಳನ್ನು ವೀರಪ್ಪ ಮಾವನ ಹೆಂಡತಿ ನೋಡಿಕೊಳ್ಳುತ್ತಿದ್ದಾಳೆ. ರಂಜಾನ್ ಕಳೆಯಿತಲ್ಲ, ಇನ್ನು ನೀನು ಭದ್ರಾವತಿಗೆ ಬಂದರೆ ಇಲ್ಲಿ ಇಳಿಯದೆ ಹೋಗಬೇಡ.

ನಿನ್ನ
ಸುಭದ್ರೆ

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಬಿಟ್ಟದ್ದು. ಇಷ್ಟನ್ನೂ ಅವ್ವನಿಗೆ ಓದಿ ಹೇಳಿದೆ. ಅಮೀರು ನಮ್ಮೋಳೇ, ಉಳಿದಿದ್ದೂ ಬರಿ ಎಂದಳು. ಆ ದಿನ ಬೆಂಚಿನಿಂದ ಏಳುವಾಗ ಅವಳು, ಇಲ್ಲಿ ಹೆಂಗಸರನ್ನು ಹೆಂಗಸರೇ ನೋಡುತ್ತಾರೇನೆ ಎಂದು ಮೆಲ್ಲಗೆ ಕೇಳಿದಳು. ನನ್ನ ತಮ್ಮ ಹುಟ್ಟಿದಾಗಿನಿಂದ ಅವಳ ಗರ್ಭಕೋಶ ಕೆಳಗೆ ಜಾರಿತ್ತಂತೆ. ಬಟ್ಟೆ ಕಟ್ಟಿಕೊಂಡೇ ಇಷ್ಟು ವರ್ಷ ನೀರು ಹೊತ್ತಿದ್ದಾಳೆ, ನನ್ನ ಮಕ್ಕಳನ್ನೂ ಎತ್ತಿದ್ದಾಳೆ. ಡಾಕ್ಟರಮ್ಮ ಆಪರೇಷನ್ ಮಾಡಿದರು. ಈಗ ನಮ್ಮ ವಾರ್ಡಿನಲ್ಲೇ ಇದ್ದಾಳೆ, ಎದ್ದು ಓಡಾಡುತ್ತಾಳೆ, ಇದನ್ನು ಅವಳ ಮಂಚದ ಪಕ್ಕದಲ್ಲಿ ಕೂತೇ ಬರೆಯುತ್ತಿದ್ದೇನೆ. ಇಷ್ಟು ವರ್ಷ ನನಗಾದರೂ ಯಾಕೆ ಹೇಳಲಿಲ್ಲ ಅವ್ವ ಎಂದು ಕೇಳಿದೆ. "ಹೊಲಿಗೆ ಟೀಚರಿಗೆ ಇದನ್ನೆಲ್ಲ ಹೇಳೋಕಾಗುತ್ತೇನೆ?" ಎಂದಳು.