ಅಧ್ಯಕ್ಷರ ಸಹಿ

ಭಾತಂಬ್ರಾ
೧೨ ಜನವರಿ ೨೦೨೬

ಭಾಲಚಂದ್ರ ಅವರಿಗೆ,

ನಿಮ್ಮ ಪತ್ರ ತಲುಪಿತು. ಪಕ್ಷವನ್ನು ಮತ್ತೆ ಕಟ್ಟುತ್ತೀರಂತೆ. ಬೀದರಿನ ಗಾಂಧಿ ಗಂಜದ ಸಭೆಯಲ್ಲಿ ಹೆಂಡತಿಯಾಗಿ ನಾನು ಪಕ್ಕದಲ್ಲಿ ಕೂಡಬೇಕಂತೆ. ಐದು ವರ್ಷ ಹೇಗಿದ್ದೀ ಎಂದು ಕೇಳದವರು ಈಗ ಕುರ್ಚಿ ಹಾಕಿಸಿ ಕರೆಯುತ್ತಿದ್ದೀರಿ. ನಾನು ಬರುವುದಿಲ್ಲ.

ನೀವು ಮೊದಲು ಹೀಗಿರಲಿಲ್ಲ. ಖರ್ಚು ಕಡಿತವೆಂದು ಸರಕಾರ ಪೌರಕಾರ್ಮಿಕರ ಪಗಾರ ನಿಲ್ಲಿಸಿದಾಗ, ಪುರಸಭೆಯ ಬಾಗಿಲಲ್ಲಿ ಹತ್ತೊಂಬತ್ತು ದಿನ ಅವರೊಂದಿಗೆ ಕೂತಿರಿ. ಪೊಲೀಸರು ಲಾಠಿ ಬೀಸಿದಾಗ ಕಸ ಗುಡಿಸುವ ಸಖುಬಾಯಿ ನಿಮಗೆ ಅಡ್ಡ ನಿಂತಳು. ಅವಳ ಎಡಗೈ ಮುರಿಯಿತು. ಆ ವರ್ಷವೇ ನಮ್ಮ ಶ್ರಮಿಕ ಪಕ್ಷ ಪುರಸಭೆಯ ಹದಿಮೂರು ಸ್ಥಾನ ಗೆದ್ದಿತು. ಕೆಂಪು ಗುಲಾಲಿನಲ್ಲಿ ಮುಳುಗಿ ಅಧ್ಯಕ್ಷರಾದಿರಿ. ನಾನೂ ಕುಣಿದೆ.

ಎಂಟೇ ತಿಂಗಳಿಗೆ ಮೇಲಿನಿಂದ ಆದೇಶ ಬಂತು: ಕೆಲಸಗಾರರ ಸಂಖ್ಯೆ ಇಳಿಸಿ, ಇಲ್ಲವಾದರೆ ಅನುದಾನವಿಲ್ಲ. ಅರವತ್ತು ಜನರನ್ನು ತೆಗೆದುಹಾಕುವ ಕಾಗದಕ್ಕೆ ನೀವು ಸಹಿ ಮಾಡಿದಿರಿ. ತನಗೆ ಓದಲು ಬಾರದ ಆ ಕಾಗದ ಹಿಡಿದು ಸಖುಬಾಯಿ ನಮ್ಮ ಮನೆಗೆ ಬಂದಳು.

“ಅಣ್ಣಾರ, ಮಂದಿ ಸುಳ್ಳ ಹೇಳ್ಯಾರ. ಇದು ನಿಮ್ಮ ಸಹಿ ಅಲ್ಲ ಹೌದಲ್ರಿ?”

“ಪಕ್ಷ ಉಳೀಬೇಕಂದ್ರ ಯಾರರ ತ್ಯಾಗ ಮಾಡಬೇಕಾಗ್ತದ, ಸಖುಬಾಯಿ,” ಎಂದಿರಿ.

ಅವಳು ಕೈಮುಗಿದು ಹೋದಳು. ನೀವು ಊಟಕ್ಕೆ ಕೂತು ಇನ್ನೊಂದು ರೊಟ್ಟಿ ಕೇಳಿದಿರಿ. ಅಂದೇ ನಾನು ತವರಿನ ಬಸ್ಸು ಹತ್ತಿದೆ.

ಈ ಸಲದ ಚುನಾವಣೆಯಲ್ಲಿ ಒಂದೂ ಸ್ಥಾನ ಬರಲಿಲ್ಲ. ಬಂಡವಾಳದವರು ಸೋಲಿಸಿದರೆಂದು ಬರೆದಿದ್ದೀರಿ. ಅಲ್ಲ. ಆ ಅರವತ್ತು ಮನೆಯವರು ಓಣಿ ಓಣಿ ತಿರುಗಿ ಸೋಲಿಸಿದರು. ಅವರಿಗೆ ಹೋರಾಟ ಕಲಿಸಿದವರು ನೀವೇ.

ಸಖುಬಾಯಿ ಈಗ ಇಲ್ಲೇ ಹತ್ತಿರದ ಖಟಕ ಚಿಂಚೋಳಿಯಲ್ಲಿ ಹೊಲದ ಕೂಲಿಗೆ ಹೋಗುತ್ತಾಳೆ. ಕೈ ಸೊಟ್ಟಗೆ ಕೂಡಿದೆ. ಅರ್ಧ ಕೂಲಿಯಷ್ಟೇ ಕೊಡುತ್ತಾರೆ. ಅವಳನ್ನೂ ವೇದಿಕೆಗೆ ಕರೆತರಲು ಹೇಳಿದ್ದೀರಿ. ಫೋಟೋದಲ್ಲಿ ಆ ಕೈ ಚೆನ್ನಾಗಿ ಕಾಣುತ್ತದೆಂದೇ? ಆದರೂ ಕೇಳಿದೆ.

“ಅವರು ಕರದಾರಂದ್ರ ಬರ್ತೇನಿ ವೈನಿ,” ಎಂದಳು. “ಅವರದೇನು ತಪ್ಪದರಿ?”

ಅವಳು ಒಬ್ಬಳೇ ಬರುತ್ತಾಳೆ. ಸಾಧ್ಯವಾದರೆ ಅವಳ ಮುಖ ನೋಡಿ ಭಾಷಣ ಮಾಡಿ.

ಮುಕ್ತಾ

ತಾ.ಕ.: ಆ ಅರವತ್ತು ಜನರ ಪಟ್ಟಿಗೆ ಒಂದು ಹೆಸರು ಕಡಿಮೆ ಬಿದ್ದು ನೀವು ನನ್ನನ್ನು ಕೇಳಿದ ದಿನ, “ಸಖುಬಾಯಿನ್ನ ಹಾಕ್ರಿ, ಅಕಿ ನಿಮ್ಮ ಮ್ಯಾಲ ಒಂದು ಮಾತೂ ಆಡಂಗಿಲ್ಲ” ಎಂದವಳು ನಾನು. ಅವಳಿಗೆ ಇದು ತಿಳಿಯದು. ನಿನ್ನೆಯೂ ನನಗಾಗಿ ಒಂದು ಹಿಡಿ ಹಸಿ ಕಡಲೆ ತಂದಿದ್ದಳು, ಸುಲಿದು ತಿಂದೆ. ಸಭೆಯಲ್ಲಿ ಅವಳಿಗೆ ದಯವಿಟ್ಟು ಹೇಳಬೇಡಿ.